ಬಂದ ಕಾರಣ

ಹೆಸರು ಕಿರಣ. ಈಗ ಕೊಡೋದು ನೆರಳು.
ಹುಬ್ಬಳ್ಳಿ ಕಾಲೇಜಿನ ಅಂಗಳದಾಗ, ಸಿಮೆಂಟಿನ ಕಟ್ಟಿ ಮ್ಯಾಲೆ;
ರೆಕ್ಕಿ ಕೆಳಗ ಹುಡುಗ್ರು ಗಿರಮಿಟ್ ತಿಂದು
ಕಾಗದ ಗಾಲಿಗೆ ಸಿಗಿಸಿ ಹೋಗ್ತಾರ.

ಬೆಟಗೇರಿಯಿಂದ ಬಂದಾನ ತುಳಜಾಸಾ ಬಾಕಳೆ,
ಮುಂಜಾನಿ ಪ್ಯಾಸೆಂಜರ್ ಹಿಡಿದು.
ಬೀದರಿನಾಗ ಹನ್ನೊಂದು ವರ್ಷ
ಇದರ ಹೊಟ್ಟಿ ಕೆಳಗ ಮಲಗಿದಾವ,
ಒಮ್ಮೆಯೂ ಹಾರಲಿಲ್ಲ.
ಒಳಗ ಎರಡೇ ಕುರ್ಚಿ, ಬಾಜೂಕ ಬಾಜೂಕ:
ಕಲಿಯಾವಂದೊಂದು, ಕಲಸಾವಂದೊಂದು.
ಇವನ ಪಾಲಿಗೆ ಪುಸ್ತಕದಾಗಿನ ಸಹಿ.
ಅದು ಬೀಳೋತನಕ ಗಾಲಿ ಉರುಳತಿರಲಿಲ್ಲ.

ಬಣ್ಣದವರು ನಂಬರು ತಪ್ಪಿ ಬರದಾರ,
ಎಂಟರ ಜಾಗಾದಾಗ ಮೂರು.
ಏನೂ ಅನ್ನಲಿಲ್ಲ. ಕಟ್ಟಿ ಹತ್ತಿ
ಗಾಳಿ ಎಳಕೊಳ್ಳೋ ಬಾಯಾಗ ಕೈ ಹಾಕಿದ, ಹಳೇ ರೂಢಿ:
ಆಗ ಒಂದು ಪುಕ್ಕ ಸಿಕ್ಕರೂ ಅವತ್ತಿನ ಹಾರಾಟ ಬಂದ್.
ಈಗ ಬೆರಳಿಗೆ ಒಣಹುಲ್ಲು,
ಬೆಚ್ಚಗ, ನಾಕು ತತ್ತಿ.

ಮೆಲ್ಲಕ ಕೈ ಹಿಂದ ತಗೊಂಡ.

ಗೇಟಿನ್ಯಾಗ ವಾಚಮನ್ ರಜಿಸ್ಟರ್ ಚಾಚಿದ:
'ಅಜ್ಜಾರ, ಬಂದ ಕಾರಣ ಬರೀರಿ.'
ಬರದ: ತಪಾಸಣೆ.
ಸಹಿ ಮಾಡಿದ, ವ್ಯಾಳೆ ಹಾಕಿದ,
ಚಷ್ಮಾ ಏರಿಸಿ
ಷರಾದ ಖಾನೇದಾಗ, ದುಂಡಗ:
ಒಂದು ತಿಂಗಳು ಇಂಜಿನ್ ಚಾಲೂ ಮಾಡಬಾರದು.