ಮರೆಗೆ ಮೀಟರಿಗಿಷ್ಟು

ಮೂವತ್ತೊಂದು ವರ್ಷದಿಂದ ಪರದೆ ಹೊಲಿಯುತ್ತೇನೆ
ಲೇವಾರ್ಡನ್ನಿನಲ್ಲಿ, ಕಾಲುವೆಯ ಎಡದಂಡೆಗೆ,
ಪರದೆ ಎಳೆಯದವರ ಊರಿನಲ್ಲಿ.
ನಗಬೇಡಿ. ಹೊಟ್ಟೆಗೇನೂ ಕಡಿಮೆಯಾಗಿಲ್ಲ.
ಬರುತ್ತಾರೆ, ನೆರಿಗೆ ಎಣಿಸುತ್ತಾರೆ,
ಅಂಚಿಗೆ ಸೀಸದ ಗುಂಡು ಹಾಕಿದ್ದೀಯಾ ಎಂದು
ಅಂಗೈಯಲ್ಲಿ ತೂಗಿ ನೋಡುತ್ತಾರೆ.
ಒಯ್ದು ಕಿಟಕಿಯ ಎರಡು ಬದಿಗೂ ಸರಿಸಿ ಕಟ್ಟಿ
ದೀಪ ಹಾಕಿ ಊಟಕ್ಕೆ ಕೂರುತ್ತಾರೆ
ಬೀದಿಗೆಲ್ಲ ಕಾಣುವ ಹಾಗೆ.

ಎಡಗಿವಿಯೊಳಗೆ ಜೀರುಂಡೆ ಹೊಕ್ಕು ಮೂರು ವಾರ.
ಡಾಕ್ಟರಿಗೆ ಹೇಳಿರಲಿಲ್ಲ, ತಂಗಿ ಶೌಕ್ಯೆಗೂ ಹೇಳಿರಲಿಲ್ಲ.
ಮಂಗಳವಾರ ರಾತ್ರಿ ಫೋನನ್ನು ಕೇಳಿದೆ,
ಒಂದೇ ಬೆರಳಲ್ಲಿ, ಮೆಲ್ಲಗೆ.
ಓದಹೋದರೆ ಬಾಗಿಲಲ್ಲೇ ಒಂದು ಚೌಕ:
ತಿಂಗಳಿಗೆ ಆರು ಯೂರೊ ಕೊಡಿ, ನಿಮ್ಮ ಹಿಂದೆ ಬರುವುದಿಲ್ಲ.
ಕೊಡದಿದ್ದರೆ ಪುಕ್ಕಟೆ. ಬರುತ್ತೇವೆ.
ಎರಡು ಗುಂಡಿ.
ಹಸಿರಿನದು ದಪ್ಪ, ಬಾ ಬಾ ಎನ್ನುವಂಥದು.
ಬೂದಿಯದು ಸಾಲ ಕೇಳಲು ಬಂದ ನೆಂಟನಂತೆ
ಮೂಲೆಯಲ್ಲಿ ಮುದುಡಿ ನಿಂತಿತ್ತು.
ಆರು ಯೂರೊ ಎಂದರೆ ಒಂದು ಮೀಟರ್ ಅಸ್ತರಿ.
ಹಸಿರನ್ನೇ ಒತ್ತಿದೆ.

ಬುಧವಾರ ಮಳೆ ಬರುತ್ತದೋ ನೋಡಹೋದರೆ
ಕಿವಿಯ ಯಂತ್ರ.
ರೈಲಿನ ವೇಳೆ ನೋಡಹೋದರೆ
ಕಿವಿಯ ಯಂತ್ರ, ಕಂತಿನಲ್ಲಿ.
ಗುರುವಾರ ಶೌಕ್ಯೆ ಬಂದವಳು
ನನ್ನ ಫೋನಿನಲ್ಲಿ ಕೇಕಿಗೆ ಬೆಣ್ಣೆಯ ಅಳತೆ ಹುಡುಕುತ್ತಾ
ಕನ್ನಡಕ ಏರಿಸಿ, ತಲೆಯೆತ್ತದೆ,
"ಹಿಲ್ಟ್ಯೆ, ಯಾವ ಕಿವಿ?" ಅಂದಳು.

ಇದನ್ನೂ ಪರದೆ ಎನ್ನುತ್ತಾರೆ, ನೋಡಿ.

ಬೈಯಲಿಕ್ಕೆ ನಾನಾದರೂ ಯಾರು?
ಮರೆಯನ್ನು ಮೀಟರಿಗಿಷ್ಟು ಎಂದು ಮಾರಿ ಉಂಡವಳು.
ಆದರೆ ಬಟ್ಟೆಗೆ ಬೆಲೆಯಿದೆ, ನೂಲಿಗಿದೆ,
ಸಂಜೆಗೆ ನೆಟ್ಟಗಾಗದ ನನ್ನ ಬೆನ್ನಿಗಿದೆ.
ಹಿಂದೆ ಬಾರದೆ ಇರುವುದಕ್ಕೆ ಯಾವ ನೂಲು ಬೇಕು?
ಇಣುಕದೆ ಇರುವುದಕ್ಕೂ ಕೂಲಿಯೇ?
ಸರಿ, ಕಿವಿಯ ಬಗ್ಗೆ ಬರೆದವಳೂ ಉಣ್ಣಬೇಕು.
ಬರೆದದ್ದಕ್ಕೆ ಕೇಳಲಿ, ಕೊಡುತ್ತೇನೆ.
ಕೊಡದವರ ಮರೆಯನ್ನು ಮರೆಯದೆ ಬರೆದಿಟ್ಟುಕೊಳ್ಳುವುದು
ಬೇರೆಯದೇ ಕಸುಬು.

ಅಪ್ಪ ಹಾಲಿನ ಗಾಡಿಯವನು.
ಬೆಳಗಿನ ಐದಕ್ಕೇ ನಲವತ್ತು ಮನೆಯ ಕಿಟಕಿ ದಾಟುತ್ತಿದ್ದ.
ಯಾರು ಸೋಫಾದಲ್ಲಿ ಮಲಗಿದ್ದರು, ಯಾವ ಮೇಜಿನ ಮೇಲೆ
ಖಾಲಿ ಬಾಟಲಿ, ಯಾರ ಮನೆಯಲ್ಲಿ ತೊಟ್ಟಿಲು
ಇದ್ದಕ್ಕಿದ್ದಂತೆ ಇಲ್ಲವಾಯಿತು:
ಎಲ್ಲ ಕಂಡಿರಬೇಕು.
ಅಮ್ಮ ದಿನವೂ ಕೇಳುವಳು, "ಏನು ಸುದ್ದಿ?"
"ಗಾಳಿ ಜೋರಿತ್ತು" ಎನ್ನುವನು, ಬೂಟು ಕಳಚುತ್ತಾ.
ಆ ತೊಟ್ಟಿಲ ಮನೆಯ ಮುಂದೆ ಅವನು
ಬಾಟಲಿಗಳನ್ನು ಸದ್ದಾಗದಂತೆ ಇಡುತ್ತಿದ್ದನಂತೆ;
ಅದನ್ನು ಆ ಮನೆಯವಳೇ ಹೇಳಿದಳು,
ಅವನು ಹೋದ ಮೇಲೆ, ಕಾಫಿ ಕುಡಿಯುತ್ತಾ.
ಹಾಲಿಗೆ ಹಾಲಿನ ದುಡ್ಡು.
ಉಳಿದದ್ದಕ್ಕೆ ಲೆಕ್ಕವೇ ಇರಲಿಲ್ಲ.

ನಿನ್ನೆ ಬೂದಿಯ ಗುಂಡಿ ಒತ್ತಿದೆ, ಆರು ಯೂರೊ ಹೋಯಿತು.
ಲಂಚ ಕೊಟ್ಟು ಬಂದ ಹಾಗೆ ಕೈ ತೊಳೆಯಬೇಕೆನಿಸಿತು.
ಜೀರುಂಡೆ ಹಾಗೇ ಇದೆ. ಸೋಮವಾರ ಡಾಕ್ಟರು.

ಎದುರಿನ ನೆಲಮನೆಯ ತಿಬ್ಲೆತ್ಸ್
ರಾತ್ರಿಯೆಲ್ಲ ಆಸ್ಪತ್ರೆಯ ನೆಲ ಒರೆಸುವವಳು,
ಮೂರು ಮಕ್ಕಳು, ಕಿಟಕಿಗೆ ಮೊಳೆ ಹೊಡೆದ ಹಾಸಿಗೆ ವಸ್ತ್ರ.
ಒಮ್ಮೆ ಬಂದು ದರ ಕೇಳಿ, "ಆಮೇಲೆ" ಎಂದು ಹೋದಳು.
ಅವಳ ಹಸಿರು ಗುಂಡಿಗಳನ್ನು ನೆನೆಯುತ್ತೇನೆ:
ವೀಸಾದ ಕಾಗದ, ಬಾಡಿಗೆ ಬಾಕಿ,
ಮಗುವಿನ ಕೆಮ್ಮು, ನಡುರಾತ್ರಿಯ ಯಾವುದೋ ನೋವು,
ಒಂದೊಂದಕ್ಕೂ ಒಂದೊಂದು ನೆರಳು ಬೆನ್ನಿಗೆ.
ಸಾಸಿವೆ ಬಣ್ಣದ ತುಂಡೊಂದು ಅಂಗಡಿಯಲ್ಲಿ ಉಳಿದಿದೆ,
ಒಂದು ಬದಿ ಗೇಣು ಗಿಡ್ಡ. ಕೊಡಬಹುದಿತ್ತು.
ಹಂಗು ಎನಿಸೀತೆಂದು ಇನ್ನೂ ಕೊಟ್ಟಿಲ್ಲ.

ಇವತ್ತು ಸಂಜೆ ಸೈಕಲ್ಲು ತಳ್ಳಿಕೊಂಡು ಬರುವಾಗ
ಆ ವಸ್ತ್ರದ ಒಂದು ಮೊಳೆ ಕಳಚಿ
ಅರ್ಧ ಕೋಣೆ ಬೀದಿಗೆ ಬಿದ್ದಿತ್ತು, ದೀಪವೂ ಉರಿಯುತ್ತಿತ್ತು.
ಮನೆಗೆ ಬಂದೆ. ಶೌಕ್ಯೆ ಕೇಳಿದಳು, ಏನು ಸುದ್ದಿ.
ಗಾಳಿ ಜೋರಿತ್ತು ಅಂದೆ.