ಹೂಳು

ಮೊದಲು ಬರುವುದು ಗುಳ್ಳೆ.
ಕೊಲ್ಲಿಯ ತಳದಲ್ಲಿ ಯಾರೋ ನಿದ್ದೆಗಣ್ಣಲ್ಲಿ
ಮಗ್ಗುಲು ಬದಲಿಸಿದಂತೆ
ಒಂದು, ಮತ್ತೆರಡು,
ಆಮೇಲೆ ಕೊಳೆತ ಮೊಟ್ಟೆಯ ನಾತ.

ಜೆಟ್ಟಿಗೆ ಕಟ್ಟಿದ ದೋಣಿಯಲ್ಲಿ ಯೋರ್ಡಿಸ್
ಕೊಳವೆಯನ್ನು ಅಡ್ಡ ಮಲಗಿಸಿ ಸೀಳುತ್ತಾಳೆ.
ಒಂದು ಮೀಟರು ಕೆಸರು.
ಮೇಲಿನ ಗೇಣು ಕಂದು, ಇತ್ತೀಚಿನದು, ಹೆಚ್ಚುಕಮ್ಮಿ ಸಭ್ಯ.
ಕೆಳಗೆಲ್ಲ ಕಪ್ಪು:
ಕಾಗದವಾಗದೆ ಉಳಿದುಹೋದ ಕಾಡು,
ನಾರು ನಾರು,
ಬೂಷ್ಟು ಹಿಡಿಯದಿರಲೆಂದು ಅದಕ್ಕೆ ಬೆರೆಸಿದ ಪಾದರಸ.
ಕಣ್ಣಿಗೆ ಕಾಣುವುದಿಲ್ಲ. ಲ್ಯಾಬಿಗೆ ಕಾಣುತ್ತದೆ.

ಬೋತ್ನಿಯಾ ಕೊಲ್ಲಿಯ ಸ್ಟ್ರಾನ್‌ವಿಕ್‌ನಲ್ಲಿ
ಇದನ್ನು ಯಾರೂ ಬಚ್ಚಿಟ್ಟಿರಲಿಲ್ಲ.
ಮೇಲೆ ನೀರಿತ್ತು, ಅಷ್ಟೆ.
ಗಿರಣಿಯ ಸೈರನ್ ಇತ್ತು, ಸಂಬಳ ಇತ್ತು,
ಶುಕ್ರವಾರ ಬೆಣ್ಣೆಯಲ್ಲಿ ಹುರಿದ ಪರ್ಚ್ ಮೀನಿತ್ತು.
ಒಂದು ದಿನ ಆಸ್ಪತ್ರೆಯ ಗೋಡೆಗೆ ಚೀಟಿ:
ಬಸುರಿಯರು ಈ ಕೊಲ್ಲಿಯ ಮೀನು ತಿನ್ನಬಾರದು.
ಗಂಡಸರ ಬಗ್ಗೆ ಚೀಟಿ ಏನೂ ಹೇಳಲಿಲ್ಲ.
ಅವರು ತಿಂದರು.
ಮನೆಯಲ್ಲಿದ್ದದ್ದು ಒಂದೇ ಬಾಣಲೆ.

ಹೂಳು: ಹೆಸರೂ ಹೌದು, ಅಪ್ಪಣೆಯೂ ಹೌದು.
ಊರು ಎರಡನೆಯದನ್ನು ಪಾಲಿಸಿತು.

ಸಿಕ್ಸ್‌ಟೆನ್ ದಿನಾ ಬರುತ್ತಾನೆ,
ಎಂಬತ್ತಮೂರು, ಬಗಲಲ್ಲಿ ಮಡಚುಕುರ್ಚಿ, ಥರ್ಮಾಸು.
ರಾತ್ರಿ ಪಾಳಿಯಲ್ಲಿ ಆ ಚಕ್ರ ತಿರುಗಿಸಿದವನು ತಾನೆಂದು
ಒಂದು ಸಲವೂ ಹೇಳಿಲ್ಲ.
ಕೇಳುವುದು ಇಷ್ಟೇ: ಇವತ್ತು ಎಷ್ಟು ಆಳ?
ನಲವತ್ತೆರಡು ಸೆಂಟಿಮೀಟರ್, ಅನ್ನುತ್ತಾಳೆ.
ಅಂದಾಜು ಅರವತ್ತನಾಲ್ಕನೇ ಇಸವಿ.

ಅವನು ಕೈಗವಸು ಕೇಳಿ ಪಡೆದು
ಒಂದೇ ಬೆರಳಿಟ್ಟ ಆ ಗೆರೆಯ ಮೇಲೆ,
ಮಲಗಿದ ಮಗುವಿನ ಜ್ವರ ನೋಡುವಂತೆ.
‘ಬ್ರೀಟ ಹುಟ್ಟಿದ ವರ್ಷ.
ಓವರ್‌ಟೈಮ್ ದುಡ್ಡಲ್ಲಿ ತೊಟ್ಟಿಲು ತಂದಿದ್ದೆ.’
ಕಳಚಿದ ಕೈಗವಸನ್ನು ಎಲ್ಲಿ ಹಾಕುವುದೋ ತಿಳಿಯದೆ
ಹಿಡಿದೇ ನಿಂತ.
ಅದಕ್ಕೂ ಒಂದು ಹಳದಿ ಡಬ್ಬವಿದೆ.

ಬಕೆಟ್ಟು ಬಾಯ್ತೆರೆದು ಇಳಿಯುತ್ತದೆ, ಬಾಯ್ಮುಚ್ಚಿ ಏಳುತ್ತದೆ.
ಒಮ್ಮೆ ಗಿರಣಿಯ ಮುದ್ರೆ ಹೊತ್ತ ದಿಮ್ಮಿ,
ಒಮ್ಮೆ ಒಂಟಿ ಸ್ಕೇಟು,
ಉಳಿದಂತೆ ಕೆಸರು, ಕೆಸರು,
ಹಿಂಡಿ, ಒಣಗಿಸಿ, ಲಾರಿಗೆ ತುಂಬಿ
ಇನ್ನೆಲ್ಲೋ ಒಯ್ಯುತ್ತಾರೆ,
ಮತ್ತೆ ಹೂಳುವುದಕ್ಕೇ.

ಮಧ್ಯಾಹ್ನ, ಸುತ್ತ ಇಳಿಬಿಟ್ಟ ಪರದೆಯಾಚೆ
ಮೀಟರಿನ ಮುಳ್ಳು ಏರಿತು. ಕ್ರೇನು ನಿಂತಿತು.
ನಿಯಮ ಹಾಗೆ: ಕದಡಿದ್ದು ತಿಳಿಯಾಗುವ ತನಕ
ಯಾರೂ ಏನೂ ಮುಟ್ಟುವಂತಿಲ್ಲ.

ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ
ಅವಳತ್ತ ಚಾಚಿದ.
ಇಬ್ಬರೂ ನೀರು ನೋಡುತ್ತ ಕೂತರು.
ಎಷ್ಟು ಹೊತ್ತು ಬೇಕು?
ಗಾಳಿ ಇಲ್ಲದಿದ್ದರೆ, ಎರಡು ಗಂಟೆ.

ಗಾಳಿ ಇತ್ತು.