ದಿಂಬಿನ ಕಲ್ಲು

ಗಲಗಲಿ ಸಾಹೇಬ್ರು ಮೊದಲ ದಿನ ಕೇಳಿದ್ದು ಒಂದೇ:
ಹೊರತೀಯೇನು?
ಹೊರತೀನಿ, ಅಂದೆ.
ಮೂರು ತಿಂಗಳು ಕಪ್ಪತಗುಡ್ಡದ ನೆತ್ತಿಯಿಂದ
ಡೋಣಿಯ ಸಾಲಿಗುಡಿಗೆ ಚೀಲ ಚೀಲ ಕಲ್ಲು ಇಳಿಸಿದೆ.
ಬಾದಿ ಹುಲ್ಲು ಮೊಣಕಾಲು ಕೊಯ್ಯುತ್ತಿತ್ತು,
ಮ್ಯಾಲೆ ಗಾಳಿಯ ಫ್ಯಾನು ಸುಮ್ಮನೆ ತಿರುಗುತ್ತಿದ್ದವು.

ಕಂಡ ಕಲ್ಲಿಗೆಲ್ಲ ಅವರ ಸುತ್ತಿಗೆ.
ಒಡೆದ ಮೈ ಮೂಸಿ, ನಾಲಿಗೆ ತುದಿಗೆ ಹಚ್ಚಿ
ನಂಬರು ಹೇಳುವರು. ಬಿಳಿ ಪೇಂಟಿನಲ್ಲಿ ನಾನು ಬರೆಯುವೆ.
ಏಳನೇತ್ತೆಗೆ ಸಾಲಿ ಬಿಟ್ಟವನ ಅಕ್ಷರ
ದುಂಡಗದಾವ, ಅಂದಿದ್ದರು.

ಒಂದು ಮಧ್ಯಾಹ್ನ, ಹಳ್ಳದ ದಂಡಿ.
ಒಂದರ ಮ್ಯಾಲೊಂದು ಒರಗಿದ ಹಸಿರುಗಪ್ಪು ಗುಂಡುಗಳು,
ಮೈಗೆಲ್ಲ ತೆಳು ಸಿಪ್ಪೆ.
ಸಾಹೇಬ್ರು ಟೊಪ್ಪಿಗಿ ತೆಗೆದರು, ಗುಡಿ ಮುಂದೆ ನಿಂತವರ ಹಂಗ.
ಇವಕ್ಕ ದಿಂಬು ಅಂತೀವಿ ನಾವು.
ಇಲ್ಲೆಲ್ಲ ಸಮುದ್ರ ಇತ್ತು. ತಳ ಬಿರಿದು ಬೆಂಕಿ ಉಕ್ಕಿತು,
ನೀರು ತಾಕಿದ್ದೇ ಉಂಡಿಯಾಗಿ ಸಿಪ್ಪೆಗಟ್ಟಿತು.
ಇನ್ನೂರೈವತ್ತು ಕೋಟಿ ವರ್ಷದ ಹಿಂದ
ಕಾದು ಕಾದು ಕಲ್ಲಾದದ್ದಿದು.

ನಾನು ನಕ್ಕುಬಿಟ್ಟೆ.
ನಮ್ಮ ಫಕ್ಕೀರವ್ವಾಯಿಯ ಕತೆಯೂ ಅದೇ ಸಾಲಿಗೆ ಮುಗಿಯುತ್ತದೆ.
ಹೆಂಡತಿ ಕೂಡ ಜಗಳಾಡಿ ಮಲ್ಲಯ್ಯ ಗುಡ್ಡ ಏರಿದ.
ಬರಿನೆಲಕ್ಕ ಮಲಗಿದರ ಕುತ್ತಿಗಿ ಹಿಡಿದೀತೆಂದು
ಅಕಿ ದಿನಕ್ಕೊಂದು ದಿಂಬು ಹೊತ್ತು ತಂದಳು.
ಅವ ತಿರುಗಿ ನೋಡಲಿಲ್ಲ.
ಅಕಿ ಹಳ್ಳದ ದಂಡೀಲಿ ಇಟ್ಟು ಇಟ್ಟು ಹೋದಳು.
ದಿಂಬು ಕಾದವು.
ಕಾದು ಕಾದು ಕಲ್ಲಾದವು.

ಸಾಹೇಬ್ರಿಗೆ ಹೇಳಿದೆ. ನೋಟ್‌ಬುಕ್ ತೆರೆದರು,
ಪೆನ್ನು ಹಿಡಿದರು, ಏನೂ ಬರೆಯದೆ ಮುಚ್ಚಿದರು.

ಆ ರಾತ್ರಿ ಆಯಿ ಅಂದಳು: ಒಂದು ತಾರಪಾ ನನಗ.
ಅದು ಸರಕಾರದ ಕಲ್ಲವಾ, ನಂಬರು ಬಿದ್ದೈತಿ.
ನಂಬರು ಬ್ಯಾರೇದಕ್ಕ ಹಾಕು, ಅಂದಳು,
ಮೂಲ್ಯಾಗಿನ ಮುರುಕು ರುಬ್ಬುಗುಂಡು ಕಾಲಿಂದ ದೂಡಿ.

ಹಾಕಿದೆ. ನಲವತ್ತೇಳು. ದುಂಡಗೆ.

ಸಾಹೇಬ್ರ ಕಾಗದ ಬಂದದ್ದು ಮುಂದಿನ ಸುಗ್ಗಿಗೆ.
ಬೈಗುಳ ಇರಲಿಲ್ಲ, ಪಟ್ಟಿ ಇತ್ತು.
ನಲವತ್ತೇಳರ ಎದುರು ಕೆಂಪು ಶಾಯಿ:
ಬೆಣಚು ಬೆರೆತ ಬಿಳಿಗಲ್ಲು. ಒಂದು ಕಡೆ ಸವೆದಿದೆ.
ಈ ಗುಡ್ಡದ್ದಲ್ಲ.
ಕೆಳಗೆ ಪೆನ್ಸಿಲ್‌ನಲ್ಲಿ ಸಣ್ಣಗೆ:
ಬೆಳ್ಳುಳ್ಳಿ ವಾಸನೆ.

ಓದಿ ಹೇಳಿದೆ. ಆಯಿ ಬಹಳ ಹೊತ್ತು ಮಾತಾಡಲಿಲ್ಲ.
ಆ ಗುಂಡು ಅಕಿಯ ಕೂಡ ನರಗುಂದದ ಕಡೆಯಿಂದ
ಚಕ್ಕಡಿಯಲ್ಲಿ ಬಂದದ್ದಂತೆ,
ಮದುವೆಯಾದ ಮರುದಿನ,
ಇಬ್ಬರೂ ಹುಲ್ಲಿನ ಮ್ಯಾಲೆ ಕುಂತು.
ಖರೇನ ಬರದಾನ, ಅಂದಳು. ಈ ಗುಡ್ಡದ್ದಲ್ಲ.
ಅರವತ್ತು ವರ್ಷ ಅರದರೂ ಅಲ್ಲ.

ಈಗ ದಿಂಬಿನ ಕಲ್ಲಿನಿಂದಲೇ ಖಾರ ಅರೀತಾಳ.
ಹೊಂದೇತೇನವಾ, ಅಂತ ಕೇಳಿದರೆ
ಬೆರಳು ನೆಕ್ಕಿ ನೋಡಿ ಹೇಳತಾಳ:
ಹೊಂದೇತಿ.
ಉಪ್ಪು ಒಂಚೂರು ಕಡಿಮಿ ಹಾಕಿದರೂ ನಡೀತೈತಿ.